ಬಿಸಿನೀರಿನ ನೀಲಾಂಬಿಕೆ ಮೇಡಂ

ನೀಲಾಂಬಿಕೆ ಮೇಡಂ ಯಾವ ಬಿಸಿ ವಸ್ತುವನ್ನೂ ಮುಟ್ಟದೆ ಬಿಡುತ್ತಿರಲಿಲ್ಲ. ಕಾಫಿ ಲೋಟ ಮುಂದೆ ಬಂದರೆ ಕುಡಿಯುವ ಮೊದಲು ಕಿರುಬೆರಳಿನ ಹಿಂಬದಿಯನ್ನು ಅದಕ್ಕೆ ತಾಗಿಸಿ "ಅರವತ್ತೆರಡು" ಎನ್ನುತ್ತಿದ್ದರು. ಯಾರಾದರೂ ಪೊಂಗಲ್ ತಂದುಕೊಟ್ಟರೆ ಪಾತ್ರೆ ಮುಟ್ಟಿ "ಐವತ್ತು, ಇನ್ನೂ ಇಳೀತಿದೆ" ಎನ್ನುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದು ಬರೀ ಜಂಬ ಎಂದುಕೊಂಡಿದ್ದೆ. ಒಂದು ದಿನ ಲ್ಯಾಬಿನ ಥರ್ಮಾಮೀಟರನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕ್ಯಾಂಟೀನಿಗೆ ಹೋದೆ. ಅವರು ನನ್ನ ಲೋಟ ಮುಟ್ಟಿ ಅಂಕಿ ಹೇಳಿದ ಕೂಡಲೇ ಅದನ್ನು ಕಾಫಿಯೊಳಗೆ ಅದ್ದಿ ನೋಡಿದೆ. ಹೆಚ್ಚೆಂದರೆ ಒಂದು ಡಿಗ್ರಿ ವ್ಯತ್ಯಾಸವಿತ್ತು. ಮೇಡಂ ಕೋಪಿಸಿಕೊಳ್ಳಲಿಲ್ಲ. ಆ ಥರ್ಮಾಮೀಟರು ನಿನ್ನೆ ಯಾವುದರಲ್ಲಿ ಮುಳುಗಿತ್ತು ಗೊತ್ತೇನು ಎಂದು ಕೇಳಿ, ನನ್ನ ಕಾಫಿಯನ್ನು ತಾವೇ ಚೆಲ್ಲಿ ಬೇರೆ ತರಿಸಿಕೊಟ್ಟರು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಜಯನಗರದ ಒಂದು ಕಾಲೇಜಿನಲ್ಲಿ ಮೇಡಂ ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿ, ನಾನು ಅವರ ಕೈಕೆಳಗೆ ಡೆಮಾನ್‌ಸ್ಟ್ರೇಟರ್. ವಿಭಾಗ ಎಂದರೆ ಎರಡು ಕೋಣೆ, ಒಂದು ಸಿಂಕು, ನಾಲ್ಕು ಮೈಕ್ರೋಸ್ಕೋಪು. ನಾನು ತಿಲಕ್ ನಗರದ ಮನೆಯಿಂದ ನಡೆದು ಬರುತ್ತಿದ್ದೆ, ಮೇಡಂ ಬನಶಂಕರಿಯಿಂದ ಬಸ್ಸಿನಲ್ಲಿ. ನಲವತ್ತು ದಾಟಿದ ವಯಸ್ಸು, ಎತ್ತರದ ಆಳು, ಹಣೆಯ ಮೇಲೆ ತೆಳ್ಳಗೆ ವಿಭೂತಿ, ಮಳೆ ಇರಲಿ ಇಲ್ಲದಿರಲಿ ಕಂಕುಳಲ್ಲಿ ಕೊಡೆ. ಮದುವೆಯಾಗಿರಲಿಲ್ಲ. ದಾವಣಗೆರೆಯಲ್ಲಿ ಒಬ್ಬ ಅಕ್ಕ ಇದ್ದರು, ಆ ಅಕ್ಕನೇ ಸಾಕಿ ಓದಿಸಿದವರು. ನೌಕರಿ ಮಾಡಿಕೊಂಡೇ ಪಿಎಚ್.ಡಿ. ಮುಗಿಸುವ ಹಟಕ್ಕೆ ಬಿದ್ದಿದ್ದರು ಮೇಡಂ. ಅವರ ವಿಷಯವೇ ಬಿಸಿಯಲ್ಲಿ ಬದುಕುವ ಬ್ಯಾಕ್ಟೀರಿಯಾ. ಹುಡುಗರು ಹಿಂದಿನಿಂದ "ಬಿಸಿನೀರು ಮೇಡಂ" ಎನ್ನುತ್ತಿದ್ದುದು ಅವರಿಗೂ ಗೊತ್ತಿತ್ತು.

ಪಾಠ ಮಾಡುವುದರಲ್ಲಿ ಅವರನ್ನು ಮೀರಿಸುವವರನ್ನು ನಾನು ಕಾಣೆ. ಡಿಸೆಂಬರ್ ಚಳಿಯಲ್ಲಿ ಒಂದು ಬಾಟಲಿಯಲ್ಲಿ ತುಪ್ಪ, ಇನ್ನೊಂದರಲ್ಲಿ ಕಡಲೆಕಾಯಿ ಎಣ್ಣೆ ಹಿಡಿದುಕೊಂಡು ತರಗತಿಗೆ ಬರುತ್ತಿದ್ದರು. ಎರಡನ್ನೂ ಬೋರಲು ಹಾಕುತ್ತಿದ್ದರು. ಎಣ್ಣೆ ಓಡುತ್ತಿತ್ತು, ತುಪ್ಪ ಅಲ್ಲಾಡುತ್ತಿರಲಿಲ್ಲ.

"ನಮ್ಮ ಸಾಧಾರಣ ಬ್ಯಾಕ್ಟೀರಿಯಾ ಮೈ ಸುತ್ತ ಈ ಎಣ್ಣೆ ಥರದ ಕೊಬ್ಬಿನ ಪೊರೆ ಕಟ್ಕೊಂಡಿರುತ್ತೆ" ಎನ್ನುತ್ತಿದ್ದರು. "ಎಪ್ಪತ್ತು ಡಿಗ್ರಿಗೆ ಹಾಕಿದ್ರೆ ಪೊರೆ ನೀರಾಗಿ, ಒಳಗಿದ್ದಿದ್ದೆಲ್ಲ ಸೋರಿಹೋಗುತ್ತೆ. ಬಿಸಿಯೋರು ಜಾಣರು. ಅವ್ರು ತುಪ್ಪದಂಥ ಗಟ್ಟಿ ಕೊಬ್ಬು ಹಾಕಿ ಕಟ್ತಾರೆ. ಅಷ್ಟು ಬಿಸಿಗೆ ಅದು ಹದವಾಗಿ ನಿಲ್ಲುತ್ತೆ."

"ಬಿಸಿಯೋರು" ಎಂದೇ ಅವರು ಆ ಜೀವಿಗಳನ್ನು ಕರೆಯುತ್ತಿದ್ದುದು, ಯಾವುದೋ ಮನೆತನದ ಹೆಸರು ಹೇಳುವ ಹಾಗೆ. ಪ್ರೋಟೀನಿನ ಪಾಠಕ್ಕೆ ಮೊಟ್ಟೆ ಬೇಕಾಗುತ್ತಿತ್ತು. ಮೇಡಂ ಮೊಟ್ಟೆ ಮುಟ್ಟುವವರಲ್ಲ. ನಾನು ಅದನ್ನು ಬೇಯಿಸಿ ಸುಲಿದು ಎತ್ತಿ ಹಿಡಿಯಬೇಕು, ಅವರು ದೂರದಿಂದ ಕೋಲು ತೋರಿಸಿ ವಿವರಿಸಬೇಕು. ಸಾಧಾರಣ ಜೀವಿಯ ಪ್ರೋಟೀನು ಬಿಸಿಗೆ ಹೀಗೆ ಗಟ್ಟಿಯಾಗಿ ಕೆಲಸಕ್ಕೆ ಬಾರದಂತಾಗುತ್ತದೆ, ಬಿಸಿಯವರದ್ದು ಒಳಗೊಳಗೇ ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಬೇಯುವುದಿಲ್ಲ, ಆದರೆ ಅದೇ ಬಿಗಿತದಿಂದಾಗಿ ತಣ್ಣಗಾದರೆ ಮಿಸುಕಲಾರದೆ ಕೂರುತ್ತದೆ ಎಂದು ಹೇಳುತ್ತಿದ್ದರು. ತರಗತಿ ಮುಗಿದ ಮೇಲೆ ತುಪ್ಪ ನಮ್ಮ ಚಪಾತಿಗೆ, ಮೊಟ್ಟೆ ಅಟೆಂಡರಿಗೆ.

ಇಂಥ ಜೀವಿಗಳನ್ನು ಹುಡುಕಲು ಹೊರದೇಶದವರು ಬಿಸಿನೀರಿನ ಬುಗ್ಗೆಗಳಿಗೆ ಹೋಗುತ್ತಾರೆ. ನಮಗೆ ಅಂಥ ಬುಗ್ಗೆ ಎಲ್ಲಿಂದ ಬರಬೇಕು? ಮೇಡಂ ಜಯನಗರದ ಹೋಟೆಲುಗಳಿಗೆ ಹೋದರು. ಸೌದೆ ಒಲೆಯ ಪಕ್ಕದ ಗೋಡೆಗೆ ಸೇರಿಸಿ ಕಬ್ಬಿಣದ ನೀರಿನ ತೊಟ್ಟಿ ಇಟ್ಟಿರುವ ಹೋಟೆಲೇ ಆಗಬೇಕು, ಆ ನೀರು ಹಗಲೂ ರಾತ್ರಿ ಬಿಸಿಯಾಗಿಯೇ ಇರಬೇಕು, ಆದರೆ ಕುದಿಯಬಾರದು. ಮೂರನೇ ಬ್ಲಾಕಿನಲ್ಲಿ ಉಡುಪಿ ಕಡೆಯ ಭಟ್ಟರೊಬ್ಬರ ಹೋಟೆಲಿನಲ್ಲಿ ಅಂಥ ತೊಟ್ಟಿ ಸಿಕ್ಕಿತು. ಮೇಡಂ ಅಡುಗೆಮನೆಗೆ ನುಗ್ಗಿ ತೊಟ್ಟಿಗೆ ಕಿರುಬೆರಳು ತಾಗಿಸಿ "ಎಪ್ಪತ್ತು" ಎಂದವರೇ, ನೀರಿನ ಮಟ್ಟದಲ್ಲಿ ಅಂಟಿದ್ದ ಹಳದಿ ಲೋಳೆಯನ್ನು ಕೆರೆದು ಸೀಸೆಗೆ ಹಾಕಿಕೊಳ್ಳತೊಡಗಿದರು.

ಭಟ್ಟರು ಬಿಳಿಚಿಕೊಂಡರು. ಎತ್ತರದ ಹೆಂಗಸು, ಕೈಯಲ್ಲಿ ಸೀಸೆ, ಹಿಂದೆ ಇನ್ನೊಬ್ಬಳು. ಕಾರ್ಪೊರೇಷನ್ನಿನ ಆರೋಗ್ಯ ಇಲಾಖೆಯವರೇ ಎಂದು ಅವರಿಗೆ ಖಾತ್ರಿಯಾಗಿಹೋಯಿತು. ನಮ್ಮನ್ನು ಫ್ಯಾನಿನ ಕೆಳಗೆ ಕೂರಿಸಿ ಮಸಾಲೆ ದೋಸೆ ತರಿಸಿದರು. ಆಮೇಲೆ ಕೈ ಮುಗಿದು, "ನಮ್ಮ ಹೋಟ್ಲಲ್ಲಿ ಕ್ರಿಮಿ ಉಂಟು ಅಂತ ಮಾತ್ರ ಬರೀಬೇಡಿ ಅಮ್ಮ" ಎಂದರು.

"ಇದೆಯಲ್ಲ ಸ್ವಾಮಿ, ಬಹಳ ಒಳ್ಳೇದು ಇದೆ" ಎಂದು ಮೇಡಂ ಸಂತೋಷದಿಂದ ಹೇಳಿದರು. ಈ ಕ್ರಿಮಿ ನಮ್ಮ ಮೈಯ ಬಿಸಿಗೆ ಬದುಕಲಾರದು, ಯಾರಿಗೂ ಕಾಯಿಲೆ ತರದು ಎಂದು ಎಷ್ಟು ತಿಳಿಸಿ ಹೇಳಿದರೂ ಭಟ್ಟರ ಮುಖಕ್ಕೆ ರಕ್ತ ಮರಳಲಿಲ್ಲ.

ಲೋಳೆಯೊಳಗಿನ ಜೀವ ಲ್ಯಾಬಿನಲ್ಲಿ ಚೆನ್ನಾಗಿಯೇ ಬೆಳೆಯಿತು. ನಾವು ಬಿಸಿಪೆಟ್ಟಿಗೆ ಎನ್ನುತ್ತಿದ್ದ ಇನ್‌ಕ್ಯುಬೇಟರನ್ನು ಎಪ್ಪತ್ತು ಡಿಗ್ರಿಗೆ ಇಟ್ಟು, ತೀರಾ ತೆಳ್ಳನೆಯ ಆಹಾರದ ನೀರಿನಲ್ಲಿ ಅದನ್ನು ಬೆಳೆಸುತ್ತಿದ್ದೆವು. ಆ ನೀರಿಗೆ ಮೇಡಂ ಇಟ್ಟ ಹೆಸರು ತಿಳಿಸಾರು. ತೊಂದರೆ ಬಂದದ್ದು ಕಾಪಾಡುವುದರಲ್ಲಿ. ಮೂರು ನಾಲ್ಕು ದಿನ ಬಿಸಿಯಲ್ಲಿ ಚೆನ್ನಾಗಿ ಬೆಳೆದ ಟ್ಯೂಬುಗಳನ್ನು, ಎಲ್ಲ ಲ್ಯಾಬಿನವರೂ ಮಾಡುವಂತೆ, ಮೇಡಂ ಒಂದು ದಿನ ಫ್ರಿಜ್ಜಿನಲ್ಲಿಟ್ಟರು. ಮಾರನೆಯ ದಿನ ತೆಗೆದು ಹೊಸ ಸಾರಿಗೆ ಹಾಕಿದರೆ ಏನೂ ಬೆಳೆಯಲಿಲ್ಲ. ಎಲ್ಲವೂ ಸತ್ತಿದ್ದವು. ಬಿಸಿಯವರಿಗೆ ಚಳಿ ಆಗದು ಎಂದು ಮೇಡಂ ತೀರ್ಮಾನಿಸಿದರು. ಯಾರಿಗಾದರೂ ಹಾಗೇ ಅನ್ನಿಸಬೇಕಾದದ್ದೇ.

ಮತ್ತೆ ಭಟ್ಟರ ಹೋಟೆಲಿಗೆ ಹೋಗಿ ಇನ್ನೊಂದಿಷ್ಟು ಕೆರೆದು ತಂದೆವು. ಎರಡನೆಯ ಸಲ ನಮ್ಮನ್ನು ಕಂಡದ್ದೇ ಭಟ್ಟರ ಧೈರ್ಯ ಪೂರ್ತಿ ಉಡುಗಿತು. ಮುಂದಿನ ವಾರ ಆ ದಾರಿಯಲ್ಲಿ ಹೋದಾಗ ಕರೆದು ಹೆಮ್ಮೆಯಿಂದ ತೋರಿಸಿದರು. ತೊಟ್ಟಿ ಕಿತ್ತು ಗುಜರಿಗೆ ಹೋಗಿತ್ತು, ಸೌದೆ ಒಲೆಯೂ ಇರಲಿಲ್ಲ. ಗ್ಯಾಸ್ ಒಲೆಯ ಮೇಲೆ ಸ್ಟೀಲಿನ ಪಾತ್ರೆ ಥಳಥಳ ಹೊಳೆಯುತ್ತಿತ್ತು. ನಿಮ್ಮ ಮಾತಿಗೆ ಮರ್ಯಾದೆ ಕೊಟ್ಟು ಹೀಗೆ ಮಾಡಿಸಿದ್ದೇನೆ ಎಂದರು. ಮೇಡಂ ಬಹಳ ಚೆನ್ನಾಗಿದೆ ಎಂದು ಹೇಳಿ ಹೊರಬಂದವರೇ ಮುಂದಿನ ಹೋಟೆಲಿನ ಕಡೆ ನಡೆದರು. ಬೇರೆ ಹೋಟೆಲುಗಳ ತೊಟ್ಟಿಗಳಲ್ಲಿ ಎಷ್ಟು ಹುಡುಕಿದರೂ ಆ ಜೀವ ಮತ್ತೆ ಸಿಗಲಿಲ್ಲ. ಎರಡನೆಯ ಸಲ ತಂದು ಲ್ಯಾಬಿನಲ್ಲಿ ಬೆಳೆಸಿದ್ದಷ್ಟೇ ಉಳಿಯಿತು.

ಅಲ್ಲಿಂದ ಮೇಡಂ ಅವರ ಸೆರೆವಾಸ ಶುರುವಾಯಿತು. ಮೊಸರಿಗೆ ದಿನಾ ಹೆಪ್ಪು ಹಾಕುವ ಹಾಗೆ, ನಿನ್ನೆಯ ಟ್ಯೂಬಿನಿಂದ ಒಂದು ಹನಿ ತೆಗೆದು ಹೊಸ ಸಾರಿಗೆ ಹಾಕಬೇಕು. ಒಂದು ದಿನವೂ ತಪ್ಪುವಂತಿಲ್ಲ. ಭಾನುವಾರ, ಯುಗಾದಿ, ಶಿವರಾತ್ರಿ, ಬೇಸಿಗೆ ರಜ ಎಲ್ಲ ಒಂದೇ. ಬೆಳಕು ಹರಿಯುವಾಗ ಎದ್ದು ಮೊದಲ ಬಸ್ಸು ಹಿಡಿದು ಬಂದು, ಗೇಟು ತೆಗೆಸಿ, ಹೆಪ್ಪು ಹಾಕಿಯೇ ಅವರ ದಿನ ಶುರು. ಜ್ವರ ಬಂದರೂ ಶಾಲು ಹೊದ್ದುಕೊಂಡು ಬರುತ್ತಿದ್ದರು. ನಾನು ಮಾಡುತ್ತೇನೆ ಬಿಡಿ ಮೇಡಂ ಎಂದರೆ ಪಾಪ, ನಿನಗ್ಯಾಕೆ ತೊಂದರೆ ಎನ್ನುತ್ತಿದ್ದರು. ನನ್ನ ಮೇಲೆ ನಂಬಿಕೆ ಇಲ್ಲ ಎಂದು ಅದರ ಅರ್ಥ. ನನ್ನ ನಿದ್ದೆಯ ಖ್ಯಾತಿ ಅವರಿಗೆ ಗೊತ್ತಿತ್ತಾದ್ದರಿಂದ ನಾನೂ ಹೆಚ್ಚು ಒತ್ತಾಯಿಸಲಿಲ್ಲ.

ಅಕ್ಕನ ಮಗಳ ಮದುವೆಗೆ ದಾವಣಗೆರೆಗೆ ಹೋದವರು ಧಾರೆ ಮುಗಿದ ಕೂಡಲೇ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದರು. ಅಕ್ಕ ಮಂಟಪದ ಬಾಗಿಲಲ್ಲಿ ನಿಂತು, "ಹೋಗವ್ವ, ನಿನ್ನ ಕೂಸು ಅಳ್ತಿರ್ತೈತಿ" ಅಂದರಂತೆ. ಮೇಡಂ ಇದನ್ನು ನನಗೆ ನಗುತ್ತಲೇ ಹೇಳಿದರು. ಹೇಳಿ ಮುಗಿಸಿದ ಮೇಲೆ ಕನ್ನಡಕ ತೆಗೆದು ತುಂಬಾ ಹೊತ್ತು ಒರೆಸಿದರು. ಅಲ್ಲಿಂದಾಚೆ ಅಕ್ಕ ಅವರನ್ನು ಯಾವುದಕ್ಕೂ ಕರೆಯಲಿಲ್ಲ.

ಅಂತೂ ಪ್ರಬಂಧ ಮುಗಿಯಿತು. ಪರೀಕ್ಷಕರಾಗಿ ಹೊರರಾಜ್ಯದ ಒಬ್ಬ ಹಿರಿಯ ಪ್ರೊಫೆಸರರು ನೇಮಕವಾದರು. ಹೋಟೆಲಿನ ನೀರಿನ ತೊಟ್ಟಿಯಲ್ಲಿ ಇಂಥ ಜೀವಿ ಇತ್ತೆಂಬುದನ್ನು ನಂಬುವುದು ಕಷ್ಟ, ಮೌಖಿಕ ಪರೀಕ್ಷೆಗೆ ಬಂದಾಗ ಅದು ಬೆಳೆಯುವುದನ್ನು ಕಣ್ಣಾರೆ ನೋಡಬೇಕು ಎಂದು ಅವರು ಹೇಳಿಕಳಿಸಿದರು. ಮೇಡಂಗೆ ಇದರಿಂದ ಸಂತೋಷವೇ ಆಯಿತು. ಬರಲಿ, ನೋಡಲಿ, ಬೇಕಾದರೆ ಕಿರುಬೆರಳಲ್ಲಿ ಮುಟ್ಟಲಿ ಎಂದರು.

ಪ್ರೊಫೆಸರರು ಬರುವುದಕ್ಕೆ ಸ್ವಲ್ಪ ದಿನ ಇದೆ ಎನ್ನುವಾಗ ಕಾಲೇಜಿನಲ್ಲಿ ಗಲಾಟೆ ಎದ್ದಿತು. ಬಸ್ ಚಾರ್ಜು ಏರಿಸಿದ್ದಕ್ಕೆ ಹುಡುಗರು ಸ್ಟ್ರೈಕು ಹೂಡಿ, ಕಲ್ಲು ತೂರಿ, ಕಿಟಕಿ ಗಾಜುಗಳನ್ನು ಪುಡಿ ಮಾಡಿದರು. ಪ್ರಿನ್ಸಿಪಾಲರು ಎಲ್ಲರನ್ನೂ ಹೊರಗಟ್ಟಿ, ಮುಂದಿನ ಆದೇಶದವರೆಗೆ ಕಾಲೇಜು ಬಂದ್ ಎಂದು ಗೇಟಿಗೆ ಬೀಗ ಜಡಿಸಿದರು. ಎಲ್ಲಾದರೂ ಬೆಂಕಿ ಗಿಂಕಿ ಬಿದ್ದೀತು ಎಂದು ವಾಚ್‌ಮನ್ ಮುನಿಯಪ್ಪ ಕರೆಂಟಿನ ಮೇನ್ ಸ್ವಿಚ್ಚನ್ನೂ ತೆಗೆದುಬಿಟ್ಟ. ಆವತ್ತು ಬೆಳಿಗ್ಗೆ ತಾನೆ ಮೇಡಂ ಹೊಸ ಸಾರಿಗೆ ಹೆಪ್ಪು ಹಾಕಿದ್ದರು.

ಮಾರನೆಯ ಬೆಳಿಗ್ಗೆ ನಾವಿಬ್ಬರೂ ಗೇಟಿನ ಹತ್ತಿರ ಹೋದೆವು. ಅಲ್ಲಿ ಪೊಲೀಸರು ಕೂತಿದ್ದರು. ಒಳಗೆ ಜೀವ ಇದೆ, ಬಿಡದಿದ್ದರೆ ಸತ್ತುಹೋಗುತ್ತದೆ ಎಂದು ಮೇಡಂ ಹೇಳಿದ್ದಕ್ಕೆ ಸಬ್‌ಇನ್ಸ್‌ಪೆಕ್ಟರು ಗಾಬರಿಯಿಂದ ಎದ್ದು ಬೀಗದ ಕೈಗೆ ಆಳು ಓಡಿಸಿದ. ಆಮೇಲೆ ಯಾರ ಜೀವ ಎಂದು ಕೇಳಿದ. ಮೇಡಂ ಸುಳ್ಳು ಹೇಳಲಾರದ ಮನುಷ್ಯರು, ಬ್ಯಾಕ್ಟೀರಿಯಾ ಎಂದರು. ಆತನಿಗೆ ತನ್ನನ್ನು ಹಾಸ್ಯ ಮಾಡುತ್ತಿದ್ದಾರೆ ಎಂದು ಸಿಟ್ಟು ಬಂತು. ಪ್ರಿನ್ಸಿಪಾಲರೂ ಒಬ್ಬರನ್ನು ಬಿಟ್ಟರೆ ಎಲ್ಲರನ್ನೂ ಬಿಡಬೇಕಾಗುತ್ತದೆ ಎಂದು ಕೈಚೆಲ್ಲಿದರು. ಆಮೇಲೂ ಮೇಡಂ ದಿನಾ ಬೆಳಿಗ್ಗೆ ಬಂದು ಗೇಟಿನ ಎದುರು ಕೊಡೆ ಬಿಚ್ಚಿಕೊಂಡು ನಿಲ್ಲುತ್ತಿದ್ದರು. ಕೊನೆಗೆ ಒಂದು ದಿನ ಬರಲಿಲ್ಲ.

ನಾನು ಬನಶಂಕರಿಯ ಅವರ ಮನೆಗೆ ಹೋದೆ. ಒಲೆ ಹಚ್ಚಿರಲಿಲ್ಲ. ತಲೆ ಬಾಚಿಕೊಳ್ಳದೆ ಗೋಡೆಗೆ ಒರಗಿ ಕೂತಿದ್ದರು.

"ಒಂದು ರಾತ್ರಿ ಫ್ರಿಜ್ಜಲ್ಲಿಟ್ಟಿದ್ದಕ್ಕೇ ಸತ್ತೋಗಿದ್ವು ಸುಮಿತ್ರಾ" ಎಂದರು. "ಈಗ ಕರೆಂಟಿಲ್ದೆ ಇಷ್ಟು ದಿನ. ತೊಟ್ಟಿನೂ ಇಲ್ಲ. ಆ ಪ್ರೊಫೆಸರ್ ಬಂದ್ರೆ ನಾನೇನು ತೋರಿಸ್ಲಿ, ಖಾಲಿ ಟ್ಯೂಬಾ? ಅಕ್ಕನ್ನೂ ಬಿಟ್ಟೆ ಇದಕ್ಕೋಸ್ಕರ."

ನಾನು ಅಡುಗೆಮನೆಗೆ ಹೋದೆ. ಒಲೆ ಹಚ್ಚಿ ಉಪ್ಪಿಟ್ಟು ಮಾಡಿಕೊಟ್ಟೆ. ಅವರು ತಟ್ಟೆಯನ್ನು ಕಿರುಬೆರಳಿಂದ ಮುಟ್ಟಿ ಕೂಡ ನೋಡದೆ ತಿಂದರು. ಅದನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು.

ಒಂದು ವಾರ ಕಳೆದು ಕಾಲೇಜು ತೆರೆಯಿತು. ಬಿಸಿಪೆಟ್ಟಿಗೆಯ ಬಾಗಿಲು ತೆಗೆದಾಗ ಒಳಗೆ ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು. ಮೇಡಂ ಟ್ಯೂಬು ಎತ್ತಿ ಬೆಳಕಿಗೆ ಹಿಡಿದರು. ತುಸು ಮಬ್ಬಾಗಿತ್ತು, ಅಷ್ಟೇ. ಅಭ್ಯಾಸಬಲದಿಂದ ಒಂದು ಹನಿ ತೆಗೆದು ಹೊಸ ಸಾರಿಗೆ ಹಾಕಿ, ಬಿಸಿಪೆಟ್ಟಿಗೆ ಕಾದ ಮೇಲೆ ಒಳಗಿಟ್ಟರು. ಸತ್ತವರ ಬಾಯಿಗೆ ನೀರು ಬಿಟ್ಟ ಹಾಗಾಯ್ತು ಎಂದು ತಾವೇ ಹೇಳಿಕೊಂಡು ಪಾಠಕ್ಕೆ ಹೋದರು.

ಮಾರನೆಯ ಬೆಳಿಗ್ಗೆ ನಾನು ಎಂದೂ ಇಲ್ಲದಂತೆ ಬೇಗ ಹೋದೆ. ಮೇಡಂ ಆಗಲೇ ಬಂದು ಟ್ಯೂಬು ಹಿಡಿದು ನಿಂತಿದ್ದರು. ಸಾರು ಪೂರ್ತಿ ಕದಡಿತ್ತು. ಬೇರೇನಾದರೂ ಸೇರಿಕೊಂಡಿರಬಹುದು ಎಂದು ನಾನು ಅನುಮಾನಪಟ್ಟೆ. ಎಪ್ಪತ್ತು ಡಿಗ್ರಿಯಲ್ಲಿ ಬೇರೆ ಯಾರು ಕೂತು ಊಟ ಮಾಡುತ್ತಾರೆ ಹೇಳು ಎಂದರು. ಆದರೂ ಮೈಕ್ರೋಸ್ಕೋಪಿನಲ್ಲಿ ನೋಡಿದೆವು. ಅವೇ ಉದ್ದನೆಯ ಕಡ್ಡಿಗಳು, ಅವೇ ದಾರದಂಥ ಎಳೆಗಳು. ಅಬ್ಬ ಎಂದು ನಾನು ಸ್ಟೂಲಿನ ಮೇಲೆ ಕುಸಿದೆ. ನನ್ನ ಪಿಎಚ್.ಡಿ.ಯೇ ಉಳಿದಷ್ಟು ಸಮಾಧಾನವಾಗಿತ್ತು.

ಮೇಡಂ ಮಾತ್ರ ಕೂರಲಿಲ್ಲ. ಫ್ರಿಜ್ಜಿನಲ್ಲಿ ಒಂದೇ ರಾತ್ರಿಗೆ ಸತ್ತದ್ದು ಇಲ್ಲಿ ವಾರವಿಡೀ ಹೇಗೆ ಬದುಕಿತು ಎಂಬ ಹುಳ ಅವರ ತಲೆಗೆ ಹೊಕ್ಕಿತ್ತು. ಒಂದೇ ಹೆಪ್ಪಿನಿಂದ ಎರಡು ಟ್ಯೂಬು ಬೆಳೆಸಿ, ಒಂದನ್ನು ಬಿಸಿಪೆಟ್ಟಿಗೆಯಲ್ಲೇ ಉಳಿಸಿ, ಇನ್ನೊಂದನ್ನು ಕಿಟಕಿಯ ಪಕ್ಕದ ಕಪಾಟಿನಲ್ಲಿಟ್ಟರು. ಕೆಲವು ದಿನ ಬಿಟ್ಟು ಎರಡರಿಂದಲೂ ಹೊಸ ಸಾರಿಗೆ ಹನಿ ಹಾಕಿದರು. ಬಿಸಿಯಲ್ಲಿ ಉಳಿದದ್ದು ಸತ್ತಿತ್ತು. ಕಪಾಟಿನಲ್ಲಿ ತಣ್ಣಗೆ ಕೂತದ್ದು ಹಾಯಾಗಿ ಬೆಳೆಯಿತು. ಮೇಡಂ ಎರಡು ಟ್ಯೂಬುಗಳನ್ನೂ ಮುಂದಿಟ್ಟುಕೊಂಡು ಕೂತರು.

"ಅಷ್ಟು ಬಿಸೀಲಿ ಮೈಯೆಲ್ಲ ಸವೆದುಹೋಗ್ತಾನೇ ಇರುತ್ತೆ" ಎಂದರು. "ಕಿತ್ತೋಗಿದ್ದನ್ನ ಕಟ್ಟೋಕೆ ಇವು ದುಡೀತಾನೇ ಇರಬೇಕು. ಊಟ ಮುಗೀತು ಅಂದ್ರೆ ಕಟ್ಟೋದು ನಿಲ್ಲುತ್ತೆ, ಸವೆಯೋದು ನಿಲ್ಲಲ್ಲ. ತಣ್ಣಗಾದ್ರೆ ಎರಡೂ ನಿಲ್ಲುತ್ತೆ, ಸುಮ್ನೆ ಕೂತಿರ್ತಾವೆ. ಅವತ್ತು ಫ್ರಿಜ್ಜಿಂದ ಸತ್ತಿದ್ದಲ್ಲ ಸುಮಿತ್ರಾ. ಇಡೋ ಮೊದ್ಲೇ ಸತ್ತಿತ್ತು. ನಾನೇ ಬಿಸೀಲಿ ಹೆಚ್ಚು ಹೊತ್ತು ಬಿಟ್ಟು ಕೊಂದಿದ್ದೆ."

ಗಲಾಟೆಯ ದಿನ ಮುನಿಯಪ್ಪ ಸ್ವಿಚ್ಚು ತೆಗೆದದ್ದೇ ಅವನ್ನು ಉಳಿಸಿತ್ತು. ಆಗಿನ್ನೂ ಸಾರಿನಲ್ಲಿ ಊಟ ಬಾಕಿ ಇತ್ತು. ಕರೆಂಟು ಇದ್ದಿದ್ದರೆ ಎರಡು ಮೂರು ದಿನಕ್ಕೇ ಎಲ್ಲ ಮುಗಿದುಹೋಗುತ್ತಿತ್ತು. ಇದನ್ನೆಲ್ಲ ನಾವು ಬಾಯಿಬಿಟ್ಟು ಹೇಳಿಕೊಂಡು ಇನ್ನೊಮ್ಮೆ ಬೆರಗಾದೆವು. ಮೇಡಂ ಇದ್ದಕ್ಕಿದ್ದ ಹಾಗೆ ಸೆರಗು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದಾರೆ ಎಂದುಕೊಂಡೆ, ಕಣ್ಣಲ್ಲಿ ನೀರಿತ್ತು.

"ಹಾಗಾದ್ರೆ ನಾನು ದಾವಣಗೆರೆಗೆ ಹೋಗಬಹುದು" ಎಂದರು.

ಮೊದಲು ಅವರು ಹೋದದ್ದು ತರಗತಿಗಳಿಗೆ. ಬಿಸಿಯವರಿಗೆ ಚಳಿ ಆಗದು ಎಂದು ನಾನು ನಿಮಗೆ ಹೇಳಿಕೊಟ್ಟದ್ದು ತಪ್ಪು, ಬರೆದುಕೊಂಡಿದ್ದರೆ ಹೊಡೆದುಹಾಕಿ ಎಂದು ಪ್ರತಿ ಬ್ಯಾಚಿಗೂ ಹೇಳಿಬಂದರು. ಹುಡುಗರು ಅಧ್ಯಾಪಕರ ಬಾಯಲ್ಲಿ ಇಂಥ ಮಾತು ಕೇಳಿ ಗೊತ್ತಿಲ್ಲದೆ, ಇದೂ ಪಾಠವೇ ಇರಬೇಕೆಂದು ಬರೆದುಕೊಂಡರು. ಆಮೇಲೆ ಪ್ರೊಫೆಸರರು ಬಂದರು, ನೋಡಿದರು, ಮುಟ್ಟಿದರು, ಒಪ್ಪಿದರು. ಆ ಹೋಟೆಲನ್ನೂ ನೋಡಬೇಕೆಂದು ಹಟ ಹಿಡಿದರು. ಕನ್ನಡಕದ ಹೊಸ ಮನುಷ್ಯರೊಬ್ಬರನ್ನು ಕರೆದುಕೊಂಡು ನಾವು ಬರುತ್ತಿರುವುದನ್ನು ಕಂಡು ಭಟ್ಟರು ಗಲ್ಲಾ ಬಿಟ್ಟು ಒಳಗೆ ಓಡಿದರು. ಪ್ರಬಂಧದಲ್ಲಿ ಅವರ ಹೋಟೆಲಿನ ಹೆಸರಿಲ್ಲ. ಅದು ಅವರದೇ ಕೋರಿಕೆ.

ಟ್ಯೂಬುಗಳನ್ನು ಕಪಾಟಿನಲ್ಲಿಟ್ಟು ಮೇಡಂ ದಾವಣಗೆರೆಗೆ ಹೋದರು. ನಾಲ್ಕು ದಿನಕ್ಕೆಂದು ಹೋದವರನ್ನು ಅಕ್ಕ ರಜೆ ಮುಗಿಯುವ ತನಕ ಬಿಡಲಿಲ್ಲ. ಬರುವಾಗ ಅವರ ಕೆನ್ನೆ ತುಂಬಿಕೊಂಡಿತ್ತು. ಅಲ್ಲಿಂದ ಪ್ರತಿ ರಜಕ್ಕೂ ಹೋಗುವುದು ರೂಢಿಯಾಯಿತು. ಎಂಬತ್ತರ ದಶಕದ ನಡುವಿನಲ್ಲಿ ಅಕ್ಕನ ಆರೋಗ್ಯ ಕೆಟ್ಟಾಗ ಮುಂಚಿತವಾಗಿಯೇ ನಿವೃತ್ತಿ ತೆಗೆದುಕೊಂಡು ಅಲ್ಲೇ ನೆಲೆಸಿದರು. ಅಕ್ಕನನ್ನು ಕೊನೆಯವರೆಗೂ ನೋಡಿಕೊಂಡರು. ಅಕ್ಕ ಹೋದ ಮೇಲೆ ಅವರೂ ಹೆಚ್ಚು ದಿನ ಇರಲಿಲ್ಲ. ಸುದ್ದಿ ನನಗೆ ತಡವಾಗಿ ಬಂತು. ನಾನು ಅತ್ತೆ, ಆದರೆ ಎದೆ ಹಿಂಡುವ ಅಳು ಬರಲಿಲ್ಲ. ಸೇರಬೇಕಾದ ಕಡೆ ಸೇರಿಯೇ ಹೋದರಲ್ಲ ಎಂಬ ನೆಮ್ಮದಿಯೇ ಹೆಚ್ಚಾಗಿತ್ತು.

ಅವರನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ಒಂದು ವರ್ಷ ಮೊದಲು. ಪೆನ್ಷನ್ನಿನ ಕೆಲಸಕ್ಕೆಂದು ಬೆಂಗಳೂರಿಗೆ ಬಂದವರು ತಿಲಕ್ ನಗರದ ನಮ್ಮ ಮನೆಯಲ್ಲಿ ಉಳಿದುಕೊಂಡರು. ಬೆಳಿಗ್ಗೆ ನಾನು ಎದ್ದು, ಸ್ನಾನ ಮಾಡಿ, ತಿಂಡಿ ಮುಗಿಸಿದರೂ ಅವರ ಕೋಣೆಯ ಬಾಗಿಲು ತೆರೆಯಲಿಲ್ಲ. ಅಮ್ಮ ಗಾಬರಿಯಿಂದ ಎಬ್ಬಿಸಲೇ ಎಂದು ಎರಡು ಸಲ ಕೇಳಿದರು. ಬೇಡ ಎಂದೆ. ಬಿಸಿಲು ಅಂಗಳಕ್ಕೆ ಬಂದ ಮೇಲೆ ಮೇಡಂ ಕಣ್ಣುಜ್ಜಿಕೊಳ್ಳುತ್ತಾ ಹೊರಬಂದು ಗಡಿಯಾರ ನೋಡಿ ನಾಚಿದರು.

"ಯಾಕೆ ಎಬ್ಬಿಸ್ಲಿಲ್ಲ ಸುಮಿತ್ರಾ?"

"ಎದ್ದು ಮಾಡೋದೇನಿತ್ತು ಮೇಡಂ?" ಎಂದೆ.

ಅವರು ನಿಂತಲ್ಲೇ ನಿಂತು, ಏನೋ ಮರೆತಿದ್ದೇನೆಯೇ ಎಂಬಂತೆ ಒಂದು ಕ್ಷಣ ಯೋಚಿಸಿದರು. ಆಮೇಲೆ ಮುಖವೆಲ್ಲ ಅರಳಿಸಿ, "ಏನೂ ಇರ್ಲಿಲ್ಲ ಕಣೇ" ಎಂದರು. ಆ ಮಾತನ್ನು ಅಷ್ಟು ಸಂತೋಷದಿಂದ ಹೇಳಿದ ಇನ್ನೊಬ್ಬರನ್ನು ನಾನು ಈವರೆಗೆ ನೋಡಿಲ್ಲ.